ಸೋಯಾ ಬೀಜಕ್ಕೆ ರೈಜೋಬಿಯಂ ಹಚ್ಚಿದ ನನ್ನ ಅನುಭವ

ಧಾರವಾಡ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ಮೊದಲ ಸಲ ಸೋಯಾ ಅವರೆ ಬಿತ್ತಿದಾಗ, ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಎಂಬ ಅಣುಜೀವಿ ಗೊಬ್ಬರವನ್ನು ಬೀಜಕ್ಕೆ ಹಚ್ಚಿಯೇ ಬಿತ್ತಿದ್ದೆ. ಆದರೂ ನಲವತ್ತು ದಿನ ತುಂಬುವಷ್ಟರಲ್ಲಿ ಬೆಳೆ ತಿಳಿಹಳದಿಗೆ ತಿರುಗಿತು. ನಡುಸಾಲಿನ ಗಿಡವೊಂದನ್ನು ಅಗೆದು ನೋಡಿದರೆ ಬೇರಿನಲ್ಲಿ ಒಂದು ಗಂಟೂ ಇರಲಿಲ್ಲ. ಮನೆಗೆ ಬಂದು ಖಾಲಿ ಪೊಟ್ಟಣವನ್ನು ತಿರುವಿ ನೋಡಿದಾಗ ಅದರ ಮೇಲೆ ‘ತೊಗರಿ’ ಎಂದು ಅಚ್ಚಾಗಿತ್ತು. ರೈಜೋಬಿಯಂ ಎಲ್ಲ ಒಂದೇ ಎಂದು ಅಂಗಡಿಯವರು ಹೇಳಿದ್ದರು. ಓದದೆ ತಂದವನು ನಾನು.

ಸೋಯಾದ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದು ಮುಖ್ಯವಾಗಿ ಬ್ರಾಡಿರೈಜೋಬಿಯಂ ಜಪಾನಿಕಂ ಎಂಬ ಬ್ಯಾಕ್ಟೀರಿಯಾ. ಹೆಸರು, ಅಲಸಂದೆ, ತೊಗರಿಗಳಿಗೆ ಒಗ್ಗುವ ಜೀವಿಗಳು ನಮ್ಮ ಮಣ್ಣಿನಲ್ಲಿ ಮೊದಲಿನಿಂದಲೂ ಇವೆ. ಸೋಯಾ ಹೊರಗಿನಿಂದ ಬಂದ ಬೆಳೆಯಾದ್ದರಿಂದ, ಅದನ್ನು ಎಂದೂ ಬೆಳೆಯದ ಹೊಲಕ್ಕೆ ಅದರ ಜೀವಿಯನ್ನು ನಾವೇ ಒಯ್ದು ಮುಟ್ಟಿಸಬೇಕಾಗುತ್ತದೆ.

ಮರುವರ್ಷ ಸೋಯಾದ್ದೇ ಪೊಟ್ಟಣಗಳನ್ನು, ತಯಾರಾದ ದಿನಾಂಕವನ್ನೂ ಅವಧಿಯನ್ನೂ ಓದಿ ತಂದೆ. ಪುಡಿಯಲ್ಲಿರುವುದು ಜೀವ, ತಗಡಿನ ಕೆಳಗಿನ ಕಾವಿನಲ್ಲಿ ಇಟ್ಟರೆ ಅವಧಿ ಮುಗಿಯುವ ಮೊದಲೇ ಅದು ಸಾಯುತ್ತದೆ. ಹಾಗಾಗಿ ಬಿತ್ತುವವರೆಗೆ ಅಡುಗೆಮನೆಯ ನೀರಿನ ಹರವಿಯ ಪಕ್ಕದಲ್ಲಿಟ್ಟೆ.

ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಹಿಂದಿನ ರಾತ್ರಿಯೇ ಕುದಿಸಿಟ್ಟು, ಬೆಳಿಗ್ಗೆ ಪೂರ್ತಿ ಆರಿದ ಮೇಲೆ ಒಂದು ಎಕರೆಯ 25 ಕೆ.ಜಿ. ಬೀಜಕ್ಕೆ ಚಿಮುಕಿಸಿದೆ. ಎಲ್ಲಕ್ಕಿಂತ ಹೆಚ್ಚು ಜೋಪಾನ ಬೇಕಾದದ್ದು ಇಲ್ಲಿ. ಸೋಯಾ ಬೀಜದ ಸಿಪ್ಪೆ ಬಹಳ ತೆಳು. ನೀರು ತುಸು ಹೆಚ್ಚಾದರೂ ನೋಡುನೋಡುತ್ತಲೇ ಸುಕ್ಕುಗಟ್ಟಿ, ಉಜ್ಜಿದರೆ ಕಳಚಿಬರುತ್ತದೆ, ಅಂಥ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಮೊದಲು ಒಂದು ಬೊಗಸೆಗೆ ಮಾತ್ರ ಚಿಮುಕಿಸಿ ನೋಡಿದ್ದರಿಂದ ಅರ್ಧ ಲೀಟರ್ ಬೇಕಿಲ್ಲ, ಮುನ್ನೂರು ಮಿಲಿ ಲೀಟರ್ ಸಾಕೆಂದು ತಿಳಿಯಿತು. ಬೀಜಕ್ಕೆ ಜಿಗುಟು ಬಂದೊಡನೆ 200 ಗ್ರಾಂನ ಎರಡು ಪೊಟ್ಟಣಗಳನ್ನು ಉದುರಿಸಿ, ತಿಕ್ಕದೆ, ಗೋಣಿತಾಟನ್ನು ಎರಡು ಕಡೆಯಿಂದ ಎತ್ತಿ ಹೊರಳಾಡಿಸಿದೆವು. ಪ್ರತಿ ಕಾಳಿಗೂ ಕಪ್ಪು ಲೇಪ ಕೂತಿತು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕಡೆಗೆ. ಪಡಸಾಲೆಯ ನೆರಳಿನಲ್ಲಿ ಆರಿಸಿ, ಮೃಗಶಿರ ಮಳೆಯ ಹಸಿ ಇರುವಾಗ ಅದೇ ದಿನ ಕೂರಿಗೆಯಿಂದ ಬಿತ್ತಿದೆವು. ಒಂದು ಪಟ್ಟಿಗೆ ಮಾತ್ರ ಏನೂ ಹಚ್ಚದ ಬೀಜ ಹಾಕಿದ್ದೆ.

ನಲವತ್ತೈದನೆಯ ದಿನ ಎರಡೂ ಕಡೆಯಿಂದ ಗಿಡಗಳನ್ನು ಸಲಿಕೆಯಿಂದ ಮಣ್ಣಿನ ಹೆಂಟೆಯೊಡನೆ ಎತ್ತಿ ಬಕೆಟ್ಟಿನ ನೀರಿನಲ್ಲಿ ಅದ್ದಿದೆ; ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಹಚ್ಚಿದ ಗಿಡದ ತಾಯಿಬೇರಿನ ಮೇಲ್ಭಾಗದಲ್ಲಿ ಜೋಳದ ಕಾಳಿನಷ್ಟು ದಪ್ಪನೆಯ ಗಂಟುಗಳು ಗೊಂಚಲಾಗಿದ್ದವು. ಉಗುರಿನಿಂದ ಸೀಳಿದರೆ ಒಳಗೆ ಕೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಲೆಗ್‌ಹಿಮೋಗ್ಲೋಬಿನ್ ಕೊಡುವ ಬಣ್ಣವದು, ಗಂಟು ಕೆಲಸ ಮಾಡುತ್ತಿರುವುದರ ಗುರುತು. ಏನೂ ಹಚ್ಚದ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಗಂಟಿದ್ದರೂ ಸೀಳಿದಾಗ ಬಿಳಿಚಾಗಿದ್ದವು. ನೋಡಲು ಬಂದ ಪಕ್ಕದ ಹೊಲದವರು ಇದು ಜಂತುಹುಳುವಿನ ಬೇರುಗಂಟು ರೋಗವೆಂದು ಗಾಬರಿಯಾದರು. ಆ ರೋಗದಲ್ಲಿ ಬೇರೇ ಊದಿಕೊಂಡಿರುತ್ತದೆ, ಇದಾದರೋ ಬೆರಳಿನಿಂದ ತಳ್ಳಿದರೆ ಬೇರಿನಿಂದ ಕಳಚಿ ಬೀಳುತ್ತದೆ ಎಂದು ಅಲ್ಲೇ ಕಿತ್ತು ತೋರಿಸಿದೆ.

ಆ ವರ್ಷ ಮೇಲುಗೊಬ್ಬರವಾಗಿ ಯೂರಿಯಾ ಹಾಕಲಿಲ್ಲ, ಏಕೆಂದರೆ ಮಣ್ಣಿನಲ್ಲಿ ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಎರಡು ಕಡೆಯ ಇಳುವರಿಯನ್ನು ಬೇರೆಬೇರೆ ತೂಗಿಸದೆ ಒಂದೇ ರಾಶಿ ಮಾಡಿದ್ದು ಮಾತ್ರ ಈಗಲೂ ಚುಚ್ಚುತ್ತದೆ.