ಎಣ್ಣಿ ಹೊಡೆಯುವ ಪಂಪಿಗೆ ಲಿಥಿಯಂ ಪ್ಯಾಕ್: ವಿಜಯಪುರದಲ್ಲಿ ನಾವು ಕಟ್ಟುವ ರೀತಿ

ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಂದ, ಬಾಗಲಕೋಟೆಯ ದಾಳಿಂಬೆ ತೋಟಗಳಿಂದ ರಿಪೇರಿಗೆ ಬರುವ, ಬೆಳೆಗೆ ಎಣ್ಣಿ (ಅಂದರೆ ಔಷಧ) ಹೊಡೆಯುವ ಬೆನ್ನಪಂಪುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು 12 ವೋಲ್ಟ್, 8 ಎಎಚ್‌ನ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಸೀಸದ ಬ್ಯಾಟರಿ. ಹಂಗಾಮು ಮುಗಿದ ಮೇಲೆ ಚಾರ್ಜ್ ಮಾಡದೆ ಇಟ್ಟರೆ ಫಲಕಗಳಿಗೆ ಸಲ್ಫೇಟ್ ಕಟ್ಟಿ ಅದು ಸಾಯುತ್ತದೆ. ಅದರ ಬದಲು ನಾವು ಹಾಕುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. 32700 ಅಳತೆಯ (32 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ) 6 ಎಎಚ್‌ನ 8 ಸೆಲ್ ಬೇಕು. ಎರಡೆರಡು ಪ್ಯಾರಲಲ್, ಅಂಥ ನಾಲ್ಕು ಜೋಡಿ ಸೀರೀಸ್: 12.8 ವೋಲ್ಟ್, 12 ಎಎಚ್. ತೂಕ ಸೀಸದ ಬ್ಯಾಟರಿಯ ಅರ್ಧದಷ್ಟು. ದಿನವಿಡೀ ಬೆನ್ನ ಮೇಲೆ ಹೊರುವವರಿಗೆ ಇದು ದೊಡ್ಡ ಲಾಭ.

ಹಳೆಯ ಲ್ಯಾಪ್‌ಟಾಪಿನ 18650 ಸೆಲ್ ಅಗ್ಗಕ್ಕೆ ಸಿಗುತ್ತವೆ, ಅವನ್ನೇ ಹಾಕಿಕೊಡಿ ಎಂದು ಕೇಳುವವರಿದ್ದಾರೆ. ಹಾಕುವುದಿಲ್ಲ. ಅಂಥ ಮೂರು ಸೆಲ್ ಸೀರೀಸ್‌ಗೆ 12.6 ವೋಲ್ಟ್ ಬಂದರೆ ತುಂಬಿತು. ಪಂಪಿನ ಹಳೆಯ ಚಾರ್ಜರ್ 14 ವೋಲ್ಟ್ ದಾಟುತ್ತದೆ. ನಡುವಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್, ಕೈಕೊಟ್ಟರೆ 4.2ಕ್ಕೆ ನಿಲ್ಲಬೇಕಾದ ಸೆಲ್ 4.7ಕ್ಕೇರುತ್ತದೆ. ಆ ಜಾತಿಯ ಸೆಲ್ ಕಾದಾಗ ಒಳಗಿನಿಂದಲೇ ಆಮ್ಲಜನಕ ಬಿಡುತ್ತದೆ, ಬೆಂಕಿ ತಡೆಯುವುದು ಕಷ್ಟ. ಎಲ್‌ಎಫ್‌ಪಿಯೂ ಬೆಂಕಿ ಹತ್ತದ ಸೆಲ್ ಅಲ್ಲ, ಆದರೆ ಹೆಚ್ಚು ಕಾವು ತಡೆಯುತ್ತದೆ. ಅದಕ್ಕೂ 14.6 ವೋಲ್ಟ್‌ನ ಲಿಥಿಯಂ ಚಾರ್ಜರನ್ನೇ ಕೊಡುತ್ತೇವೆ.

ಮೊದಲು ಪ್ರತಿ ಸೆಲ್ಲನ್ನೂ 3.65 ವೋಲ್ಟ್‌ಗೆ ತುಂಬಿಸಿ, ಒಂದು ರಾತ್ರಿ ಬಿಟ್ಟು ಅಳೆಯುತ್ತೇವೆ. ಉಳಿದವುಗಳಿಗಿಂತ ಕೆಳಗಿಳಿದದ್ದು ಹೊರಗೆ. ಸೆಲ್‌ಗಳನ್ನು ಜೋಡಿಸುವ ಪಟ್ಟಿ 0.15 ಮಿ.ಮೀ. ದಪ್ಪದ ಶುದ್ಧ ನಿಕ್ಕಲ್ ಇರಬೇಕು. ನಿಕ್ಕಲ್ ಲೇಪದ ಕಬ್ಬಿಣವೇ ಮಾರುಕಟ್ಟೆಯಲ್ಲಿ ಹೆಚ್ಚು. ಅಯಸ್ಕಾಂತ ಎರಡನ್ನೂ ಹಿಡಿಯುವುದರಿಂದ ಆ ಪರೀಕ್ಷೆ ವ್ಯರ್ಥ. ಗೀರಿ ಉಪ್ಪು ನೀರಿನಲ್ಲಿಟ್ಟರೆ ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಜೋಡಣೆಗೆ ಸ್ಪಾಟ್ ವೆಲ್ಡಿಂಗ್ ಮಾತ್ರ. ಸೆಲ್ ಮೇಲೆ ನೇರವಾಗಿ ಸೋಲ್ಡರ್ ಹಾಕಿದರೆ ಆ ಕಾವಿಗೆ ಸೀಲ್ ಹಾಳಾಗುತ್ತದೆ.

ಪಾಸಿಟಿವ್ ತುದಿಗೆ ಬಾರ್ಲಿ ಪೇಪರ್ (ಕರೆಂಟ್ ತಡೆಯುವ ಕಾಗದ) ಉಂಗುರ ಹಾಕುವುದನ್ನು ಮರೆಯಲೇಬೇಡಿ. ಸೆಲ್ಲಿನ ಇಡೀ ಡಬ್ಬಿ, ಮೇಲಿನ ಅಂಚಿನವರೆಗೂ, ನೆಗೆಟಿವ್. ಅದನ್ನು ಮುಚ್ಚಿರುವುದು ತೆಳು ಪ್ಲಾಸ್ಟಿಕ್ ಮಾತ್ರ. ಪಂಪಿನ ನಡುಕಕ್ಕೆ ಪಟ್ಟಿಯ ಅಂಚು ಅದನ್ನು ಕೊರೆದರೆ ನೇರ ಶಾರ್ಟ್.

ಬಿಎಂಎಸ್ 4 ಸೀರೀಸ್‌ನ ಎಲ್‌ಎಫ್‌ಪಿಯದೇ ಆಗಬೇಕು, 20 ಆಂಪಿಯರ್ ಸಾಕು. ಪ್ರತಿ ಜೋಡಿಯಿಂದ ಬಿಎಂಎಸ್‌ಗೆ ಹೋಗುವ ಬ್ಯಾಲೆನ್ಸ್ ವೈರುಗಳ ಕನೆಕ್ಟರ್ ಚುಚ್ಚುವ ಮುಂಚೆ ಮೀಟರ್ ಹಿಡಿದು ನೆಗೆಟಿವ್‌ನಿಂದ ಸುಮಾರು 3.3, 6.6, 9.9, 13.2 ಎಂದು ಕ್ರಮವಾಗಿ ಏರುತ್ತದೆಯೇ ನೋಡುತ್ತೇವೆ. ಒಂದು ವೈರ್ ಅದಲುಬದಲಾದರೂ ಬೋರ್ಡ್ ಸುಡುತ್ತದೆ. ಪಾಸಿಟಿವ್ ವೈರಿಗೆ, ಪ್ಯಾಕಿನ ಹತ್ತಿರವೇ, 10 ಆಂಪಿಯರ್ ಫ್ಯೂಸ್.

ನಮ್ಮ ಭಾಗದಲ್ಲಿ ಪ್ಯಾಕಿನ ದೊಡ್ಡ ಶತ್ರು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ, ಸುಣ್ಣ ಬೆರೆಸಿದ ಔಷಧ. ಟ್ಯಾಂಕಿನಿಂದ ಸೋರಿದ ಮೈಲುತುತ್ತದ ನೀರು ಕರೆಂಟ್ ಹರಿಸುತ್ತದೆ, ಲೋಹವನ್ನೂ ತಿನ್ನುತ್ತದೆ. ವೈರು ಹೊರಬರುವ ತೂತಿಗೆ ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆಯದು ಬೇಡ, ಅದರ ಆಮ್ಲ ಕನೆಕ್ಷನ್ ಕೊರೆಯುತ್ತದೆ. ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ಸೆಲ್ಲಿನ ಗಾಳಿ ಬಿಡುವ ತುದಿ ಮುಚ್ಚಬಾರದು.

ಬೇಸಿಗೆಯಲ್ಲಿ ಇಲ್ಲಿ ನೆರಳಲ್ಲೇ 40 ಡಿಗ್ರಿ. ಬಿಸಿಲಲ್ಲಿದ್ದ ಪಂಪು ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಸೆಲ್ 45 ಡಿಗ್ರಿಗಿಂತ ಕೆಳಗಿಳಿಯುವವರೆಗೆ ನೆರಳಲ್ಲಿಡಿ. ದ್ರಾಕ್ಷಿಯವರ ಶೆಡ್ಡಿನಲ್ಲಿ ಬೂದಿರೋಗಕ್ಕೆ ತಂದ ಗಂಧಕದ ಚೀಲಗಳಿರುತ್ತವೆ, ಅದೇ ಮೂಲೆಯಲ್ಲಿ ಚಾರ್ಜರ್ ಸಹ. ಇದು ನಮಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ. ಗಂಧಕ, ಕಣಿಕೆ, ಮಲಗುವ ಕೋಣೆ, ಮೂರರಿಂದಲೂ ದೂರ, ಕಲ್ಲಿನ ಕಟ್ಟೆಯ ಮೇಲೆ ಚಾರ್ಜ್ ಮಾಡಿ.

ಉಬ್ಬಿದ ಅಥವಾ 2 ವೋಲ್ಟ್‌ಗಿಂತ ಕೆಳಗಿಳಿದು ಬಹಳ ದಿನ ಬಿದ್ದ ಸೆಲ್ಲನ್ನು ಮತ್ತೆ ಎಬ್ಬಿಸಲು ಹೋಗಬೇಡಿ. ಒಳಗಿನ ತಾಮ್ರ ಕರಗಿ, ಮರುಚಾರ್ಜಿನಲ್ಲಿ ಶಾರ್ಟ್ ಆಗಬಹುದು. ಹೊಗೆ ಬಂದರೆ ಮೊದಲು ಜನ ದೂರ ಸರಿಯಬೇಕು, ಅದು ವಿಷ. ಮೇನ್ ಸ್ವಿಚ್ ಆಫ್ ಮಾಡಿ, ದೂರದಿಂದ ಪೈಪಿನಲ್ಲಿ ನೀರು ಬಿಡುತ್ತಲೇ ಇರಿ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಜ್ವಾಲೆ ಆರಿಸಿದರೂ ಒಳಗಿನ ಕಾವು ಆರುವುದಿಲ್ಲ, ಮತ್ತೆ ಹತ್ತುತ್ತದೆ.

ಹಂಗಾಮು ಮುಗಿದಾಗ ಅರ್ಧ ಚಾರ್ಜಿನಲ್ಲಿ, ಅಂದರೆ 13.2 ವೋಲ್ಟ್ ಆಸುಪಾಸಿನಲ್ಲಿ, ಪಂಪಿನಿಂದ ಬಿಚ್ಚಿಡಿ. ಸತ್ತ ಸೆಲ್‌ಗಳ ತುದಿಗೆ ಟೇಪ್ ಸುತ್ತಿ ಮಾರಿದವರಿಗೇ ಮರಳಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅವನ್ನು ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದು.