ಮಳೆಗಾಲದಲ್ಲಿ ಚೇತಕ್ ಜೋಡಿಸುವುದು

ಫೆಬ್ರವರಿ, ಮಾರ್ಚ್‌ನಲ್ಲಿ ನನಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವ ಹೊತ್ತು. ಸುಟ್ಟ ಮೋಟಾರ್‌ಗಳು ಸೋಮವಾರಪೇಟೆಯ ನನ್ನ ವೈಂಡಿಂಗ್ ಅಂಗಡಿ ಮುಂದೆ ಸಾಲಾಗಿ ಬಿದ್ದಿರುತ್ತವೆ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಅಂಗಡಿ ಖಾಲಿ. ಆಗ ಹೆಲಿಕಾಪ್ಟರ್ ಕಿಟ್, ಅಂದರೆ ಜೋಡಿಸಿ ಬಣ್ಣ ಹೊಡೆಯುವ ಪ್ಲಾಸ್ಟಿಕ್ ಮಾಡೆಲ್‌ನ ಬಿಡಿಭಾಗಗಳ ಡಬ್ಬಿ, ಹೊರಗೆ ಬರುತ್ತದೆ.

ಜೋಡಿಸಲು ಮಳೆಗಾಲ ಒಳ್ಳೆಯದು. ಬಣ್ಣ ಹೊಡೆಯಲು ಅದಕ್ಕಿಂತ ಕೆಟ್ಟ ಕಾಲ ಇಲ್ಲ. ಕೊಡಗಿನಲ್ಲಿ ಕಿಟ್ ಮಾಡುವವರು ಇದನ್ನು ನೋಡಿಕೊಂಡೇ ಕೆಲಸ ಹಂಚಿಕೊಳ್ಳಬೇಕು.

ಮೊದಲ ಕಿಟ್‌ಗೆ ಚೇತಕ್ ತಗೊಳ್ಳಿ. ಇದು ಫ್ರಾನ್ಸಿನ ಅಲುವೆಟ್ 3 ಹೆಲಿಕಾಪ್ಟರ್. 1959ರಲ್ಲಿ ಮೊದಲು ಹಾರಿದ್ದು, ಆಮೇಲೆ ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ಇಲ್ಲೇ ತಯಾರಿಸಿತು. ಅಂಗಡಿಯಲ್ಲಿ ಚೇತಕ್ ಅಂತ ಕೇಳಿದರೆ ಸಿಗಲಿಕ್ಕಿಲ್ಲ, ಅಲುವೆಟ್ 3 ಅಂತ ಹುಡುಕಿ. ಹೆಲ್ಲರ್ ಕಂಪನಿಯ 1/72 ಕಿಟ್ (ಅಸಲಿಯ 72ರಲ್ಲಿ ಒಂದು ಪಾಲಿನ ಅಳತೆ) ಸಾಕು. ಅಸಲಿ ರೋಟರ್‌ನ (ಮೇಲೆ ತಿರುಗುವ ರೆಕ್ಕೆಗಳ) ಅಗಲ 11.02 ಮೀಟರ್. ಈ ಅಳತೆಯಲ್ಲಿ ಅದು ಸುಮಾರು 15 ಸೆಂಟಿಮೀಟರ್ ಆಗುತ್ತದೆ, ಟಿವಿ ಮೇಲಿನ ಶೆಲ್ಫಿಗೆ ಸರಿಯಾಗಿ ಕೂರುತ್ತದೆ. ಚೀತಾ ಅಂತ ಇನ್ನೊಂದು ಹೆಲಿಕಾಪ್ಟರ್ ಇದೆ, ನೋಡಲು ಚೆಂದ, ಆದರೆ ಅದರ ಬಾಲ ಬರೀ ಕಂಬಿ ಕಂಬಿ. ಒಂದು ಕಂಬಿ ಕತ್ತರಿಸಲು ಹೋದರೆ ಇನ್ನೊಂದು ಮುರಿಯುತ್ತದೆ. ಅದು ಆಮೇಲೆ ಇರಲಿ.

ಕಿಟ್‌ನ ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ತಿರುಚಿ ಕೀಳಬೇಡಿ. ಸೈಡ್ ಕಟರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಲ್ಲಿ ಕೆರೆದು, 600ರ ವಾಟರ್ ಪೇಪರ್ (ಉಜ್ಜುಕಾಗದ) ನೀರಿನಲ್ಲಿ ಅದ್ದಿ ಉಜ್ಜಿ. ಸೋಪು ನೀರಿನಲ್ಲಿ ತೊಳೆದು ಒಣಗಿಸಿ.

ಚೇತಕ್‌ನ ಮುಂಭಾಗ ಪೂರ್ತಿ ಗಾಜು. ಹಾಗಾಗಿ ಒಳಗಿನದೆಲ್ಲ ಕಾಣುತ್ತದೆ: ಮುಂದೆ ಮೂರು ಸೀಟು, ಹಿಂದೆ ನಾಲ್ಕು, ಒಟ್ಟು ಏಳು ಜನ. ಸೀಟು, ನೆಲ, ಮೀಟರ್ ಬೋರ್ಡ್ ಇಷ್ಟಕ್ಕೆ ಮಾತ್ರ ಮಳೆಯಲ್ಲೇ ಬಣ್ಣ ಬೇಕು. ಚಿಕ್ಕ ಭಾಗ, ಕುಂಚದಲ್ಲಿ ತೆಳ್ಳಗೆ ಹಚ್ಚಿದರೆ ನಡೆಯುತ್ತದೆ. ಸೀಟ್ ಬೆಲ್ಟ್‌ಗೆ ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ ಸಾಕು.

ಮೈ ಮುಚ್ಚುವ ಮೊದಲು ಎಲ್ಲವನ್ನೂ ಟೇಪಿನಲ್ಲಿ ಹಿಡಿಸಿ, ಮೂರು ಚಕ್ರದ ಮೇಲೆ ನಿಲ್ಲಿಸಿ ನೋಡಿ. ಬಾಲ ಊರಿತಾ? ಗಾಳದ ಸೀಸದ ಚೂರುಗಳನ್ನು ಮುಂದಿನ ನೆಲದ ಕೆಳಗೆ ಅಂಟಿಸಿ. ಗಾಜಿನ ಮೂಗಿನಲ್ಲಿ ಅಡಗಿಸಲು ಬೇರೆ ಜಾಗ ಇಲ್ಲ.

ಮೈಗೆ ಪ್ಲಾಸ್ಟಿಕ್ ಸಿಮೆಂಟ್ ಬಳಸಿ, ಅದು ಎರಡೂ ಅಂಚನ್ನು ಕರಗಿಸಿ ಬೆಸೆಯುತ್ತದೆ. ಗಾಜಿಗೆ ಮಾತ್ರ ಬಿಳಿ ಫೆವಿಕಾಲ್. ಫೆವಿಕ್ವಿಕ್ ಹಾಕಿದರೆ ಅದರ ಹೊಗೆಯಿಂದಲೇ ಗಾಜು ಮಂಜಾಗುತ್ತದೆ. ಮಡಿಕೇರಿ ಮಂಜು ಹೊರಗಿದ್ದರೆ ಸಾಕಲ್ವಾ. ಫೆವಿಕಾಲ್ ಮಳೆಯಲ್ಲಿ ನಿಧಾನ ಒಣಗುತ್ತದೆ, ರಾತ್ರಿಯಿಡೀ ಟೇಪ್ ಹಾಕಿ ಬಿಡಿ.

ನನಗೆ ಇಷ್ಟದ ಭಾಗ ಎಂಜಿನ್. ಚೇತಕ್‌ನ ಆರ್ಟುಸ್ಟ್ ಎಂಜಿನ್‌ಗೆ ಮುಚ್ಚಳ ಇಲ್ಲ, ರೋಟರ್ ಹಿಂದೆ ಬೆತ್ತಲೆ ಮಲಗಿರುತ್ತದೆ. ಕಿಟ್‌ನಲ್ಲಿ ಬರುವುದು ಬರೀ ಉರುಟು ತುಂಡು. ನನ್ನ ಹತ್ತಿರ ತಂತಿಗೆ ಬರವೇ? ಫ್ಯಾನ್ ವೈಂಡಿಂಗ್‌ನ 36 ಗೇಜ್ ತಾಮ್ರದ ತಂತಿ ತೆಗೆದು, ಸೂಜಿಗೆ ಸುತ್ತಿ ಬಾಗಿಸಿ, ಪೈಪುಗಳ ಹಾಗೆ ಅಂಟಿಸುತ್ತೇನೆ. ಮೇಲೆ ಸಿಲ್ವರ್, ಅದು ಒಣಗಿದ ಮೇಲೆ ನೀರು ನೀರಾದ ಕಪ್ಪು. ಕಪ್ಪು ಸಂದಿಗೆ ಇಳಿಯುತ್ತದೆ, ಉಬ್ಬಿದ ಕಡೆ ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆ ಹಿಡಿದ ಮೆಷಿನ್ ಹೇಗಿರುತ್ತದೆ ಅಂತ ದಿನಾ ನೋಡುವವನು ನಾನು, ಇದು ಹಾಗೇ ಕಾಣುತ್ತದೆ.

ರೋಟರ್‌ಗೆ ಮೂರು ರೆಕ್ಕೆ. ನಿಂತಿರುವ ಹೆಲಿಕಾಪ್ಟರ್‌ನ ರೆಕ್ಕೆ ತನ್ನ ಭಾರಕ್ಕೆ ಬಾಗಿರುತ್ತದೆ, ಕಿಟ್‌ನವು ಸ್ಕೇಲಿನಂತೆ ನೆಟ್ಟಗೆ. ಫ್ಲಾಸ್ಕಿನ ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ, ತಣ್ಣೀರಿಗೆ ಹಾಕಿ. ತುದಿ ಮೂರು ಮಿಲಿಮೀಟರ್ ಇಳಿದರೂ ಸಾಕು. ಇನ್ನೊಂದು, ಚೇತಕ್ ರೋಟರ್ ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ರೆಕ್ಕೆಯ ದುಂಡಗಿನ ಅಂಚು ಆ ಕಡೆಗಿರಬೇಕು, ತೆಳ್ಳಗಿನದು ಹಿಂದೆ. ರೋಟರನ್ನು ಅಂಟಿಸಲೇಬೇಡಿ, ಸುಮ್ನೆ ಸಿಕ್ಕಿಸಿ ಇಡಿ. ಡಬ್ಬಿಗೆ ಹಾಕುವಾಗ ತೆಗೆಯಬಹುದು. ಅಂಗಡಿಗೆ ಬಂದ ಮಕ್ಕಳು "ಮಾಮ, ಇದು ತಿರುಗುತ್ತಾ?" ಅಂತ ಕೇಳಿಯೇ ಕೇಳುತ್ತಾರೆ, ಉತ್ತರಕ್ಕೆ ಕಾಯದೆ ತಿರುಗಿಸುತ್ತಾರೆ ಕೂಡ.

ಇನ್ನು ಮೈ ಬಣ್ಣ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಸ್ಪ್ರೇ ಡಬ್ಬಿ ಮುಟ್ಟಬೇಡಿ. ಗಾಳಿಯ ನೀರೆಲ್ಲ ಬಣ್ಣದ ಮೇಲೆ ಕೂತು ಬೆಳ್ಳಗಾಗುತ್ತದೆ. ಸೆಪ್ಟೆಂಬರ್ ಮೊದಲಿನ ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ ಬಿಸಿಲು ನೋಡಿಕೊಂಡು ಹೊಡೆಯಿರಿ. ಅಲ್ಲಿವರೆಗೆ ಗಾಜಿಗೆ ಟೇಪ್ ಕತ್ತರಿಸಿ ಅಂಟಿಸುವ ಕೆಲಸ ಇದ್ದೇ ಇದೆ, ಅದಕ್ಕೂ ಟೈಮ್ ಜಾಸ್ತಿ ಬೇಕು. ಕಾಯಲಾಗದಿದ್ದರೆ ನನ್ನ ದಾರಿ: ವಾರ್ನಿಷ್ ಹಾಕಿದ ಮೋಟಾರ್ ಒಣಗಿಸಲು ನಾವು ಬಲ್ಬ್ ಪೆಟ್ಟಿಗೆ ಇಟ್ಟುಕೊಳ್ಳುತ್ತೇವೆ. ಅದಕ್ಕೆ 200 ವ್ಯಾಟ್ ಬಲ್ಬು. ಮಾಡೆಲ್‌ಗೆ 40 ವ್ಯಾಟಿನ ಹಳೇ ಕಾಲದ ಬಲ್ಬ್ ಹಾಕಿ, ಒಂದಡಿ ದೂರ ಇಡಿ, ಪೆಟ್ಟಿಗೆಗೆ ಎರಡು ತೂತು ಬಿಡಿ. ಎಲ್‌ಇಡಿಯಿಂದ ಸಾಕಷ್ಟು ಶಾಖ ಬರುವುದಿಲ್ಲ. ಒಳಗೆ ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಸುಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಣ್ಣದ ಹಬೆ ಆರುವ ಮೊದಲು ಒಳಗಿಡಬೇಡಿ, ಬೆಂಕಿ ಭಯ. ಬಲ್ಬ್ ಉರಿಯುವಾಗ ಅಂಗಡಿ ಬಿಟ್ಟು ಹೋಗಲೂಬೇಡಿ.

ಭಾರತದ ಗುರುತು ಕಿಟ್‌ನಲ್ಲಿ ಇಲ್ಲದಿದ್ದರೆ ಡಿಕಾಲ್ ಹಾಳೆಯಲ್ಲಿ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆ) ಪ್ರಿಂಟ್ ಹೊಡೆಸಿಕೊಳ್ಳಬಹುದು. ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಸಾಮಾನ್ಯ ಪ್ರಿಂಟರ್‌ಗೆ ಬಿಳಿ ಶಾಯಿ ಇಲ್ಲ, ಹಾಗಾಗಿ ಮೊದಲು ಆ ಜಾಗಕ್ಕೆ ಬಿಳಿ ಬಣ್ಣ ಕೊಡಿ, ಇಲ್ಲವಾದರೆ ಕೇಸರಿ ಮೈ ಬಣ್ಣದಲ್ಲಿ ಮುಳುಗಿಹೋಗುತ್ತದೆ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮೊದಲು ಕ್ಲಿಯರ್ ವಾರ್ನಿಷ್ ಹೊಡೆಯಲೇಬೇಕು.

ಮುಗಿದದ್ದನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ. ಮುಂದಿನ ಮೇ ತಿಂಗಳಲ್ಲಿ ಅದನ್ನು ಬದಲಾಯಿಸಿ.