ಗಂಟುನೋವಿಗೆ ಗಾಂಜಾ ಎಣ್ಣೆ: ಕೊಳ್ಳುವ ಮುಂಚೆ ಇಷ್ಟು ನೋಡಿ

"ಅಣ್ಣಾ, ಗಾಂಜಾ ಎಣ್ಣೆಯಲ್ಲಿ ಆಮವಾತ ಗುಣ ಆಗ್ತದಂತೆ, ಹೌದಾ?" ಬದಿಯಡ್ಕದ ನನ್ನ ಮೆಡಿಕಲ್‌ನಲ್ಲಿ ಈಗೀಗ ಈ ಪ್ರಶ್ನೆ ಜಾಸ್ತಿ. ಆಮವಾತ ಅಂದರೆ ಗಂಟುಗಳು ಊದಿ ನೋಯುವ ರುಮಟಾಯ್ಡ್ ಆರ್ಥ್ರೈಟಿಸ್. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬೆಳಗ್ಗೆ ಬೆರಳು ಮಡಚಲಾಗದೆ, ಚೊಂಬು ಎತ್ತಲಾಗದೆ ಒದ್ದಾಡುವವರು ಎಲ್ಲ ದಾರಿಯನ್ನೂ ಹುಡುಕುತ್ತಾರೆ, ಅಲ್ವಾ?

ಮೊದಲು ಬಾಟಲಿ ತಿರುಗಿಸಿ ಲೇಬಲ್ ಓದಿ. ‘ಹೆಂಪ್ ಸೀಡ್ ಆಯಿಲ್’ ಅಂತ ಇದ್ದರೆ ಅದು ಗಾಂಜಾ ಗಿಡದ ಬರೀ ಬೀಜದ ಎಣ್ಣೆ. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅದನ್ನು ಆಹಾರವಾಗಿ ಒಪ್ಪಿದೆ, ಅಷ್ಟೇ. ನೋವಿಗೆ ಒಳ್ಳೆಯದು ಅಂತ ಜನ ಹೇಳುವ, ಗಿಡದ ಸಿಬಿಡಿ ಎಂಬ ಅಂಶ ಅದರಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ‘ವಿಜಯಾ’ ಅಂತ ಇದ್ದರೆ ಅದೇ ಗಿಡದ ಎಲೆಯಿಂದ ಮಾಡಿದ ಆಯುರ್ವೇದ ಮದ್ದು. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ, ಇವು ಕಾಣದಿದ್ದರೆ ವಾಪಸ್ ಕೊಡಿ. ಸಿಬಿಡಿ ಮತ್ತು ಅಮಲೇರಿಸುವ ಟಿಎಚ್‌ಸಿ ಎಷ್ಟಿದೆ ಅಂತ ಲ್ಯಾಬ್ ರಿಪೋರ್ಟ್ ಕೇಳಿ. ಗಿಡದ ಹೂವಿನ ತುದಿ ಅಂದರೆ ಕಾನೂನಿನ ಪ್ರಕಾರ ಗಾಂಜಾ. 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಮನೆಮದ್ದಿಗೆ ಅಂತ ಹೇಳಿದರೂ ಎಕ್ಸೈಸಿನವರು ಬಿಡುವುದಿಲ್ಲ.

ಇನ್ನು, ಕೆಲಸ ಮಾಡುತ್ತದಾ ಎಂಬ ಜಗಳ. ಇಸ್ರೇಲಿನಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇದ್ದ 21 ಜನರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗಾಂಜಾ ಸೇದಿದ 11 ಜನರಲ್ಲಿ 10 ಮಂದಿಗೆ ತೊಂದರೆ ಕಮ್ಮಿಯಾಯಿತು. ಟಿಎಚ್‌ಸಿ ತೆಗೆದ ಗಾಂಜಾ ಹೂ ಸೇದಿದ 10 ಜನರಲ್ಲಿ 4 ಮಂದಿಗೆ ಮಾತ್ರ. ಪರವಾಗಿ ವಾದಿಸುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಅಂಶ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ನನಗೆ ಹೆದರಿಕೆ ಇರುವುದು ಇದಕ್ಕೇ. ಆಮವಾತವೂ ಉರಿಯೂತದ ಕಾಯಿಲೆಯೇ, ಅದರಲ್ಲಿ ನೋವು ಅಡಗಿದರೂ ಒಳಗೆ ಗಂಟು ಸವೆಯುತ್ತಾ ಹೋಗಬಹುದು. ಆರಾಮ ಅನಿಸಿತು ಅಂತ ಆಮವಾತಕ್ಕೆ ಡಾಕ್ಟರ್ ಕೊಟ್ಟ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಸುಮ್ನೆ ನಿಲ್ಲಿಸಬೇಡಿ. ವರ್ಷಗಳ ನಂತರ ಸೊಟ್ಟಗಾದ ಬೆರಳನ್ನು ಯಾವ ಎಣ್ಣೆಯೂ ನೆಟ್ಟಗೆ ಮಾಡುವುದಿಲ್ಲ.

ಮಂಗಳೂರಿಗೆ ಚೆಕಪ್‌ಗೆ ಹೋಗುವಾಗ ಲೇಬಲ್‌ನ ಫೋಟೋ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬೈದಾರು ಅಂತ ಮುಚ್ಚಿಡಬೇಡಿ. ಮೆಥೊಟ್ರೆಕ್ಸೇಟ್, ಸಿಬಿಡಿ ಎರಡೂ ಲಿವರ್‌ಗೆ ಭಾರ ಆಗಬಲ್ಲವು. ಹೃದಯಕ್ಕೆ ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಿನ್ನುವವರಿಗೆ ಸಿಬಿಡಿ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡಾಕ್ಟರ್ ಒಪ್ಪಿದರೆ ಎಣ್ಣೆ ಶುರು ಮಾಡುವ ಮುಂಚೆ ಸಿಆರ್‌ಪಿ, ಲಿವರ್‌ನ ಎಸ್‌ಜಿಪಿಟಿ ರಕ್ತಪರೀಕ್ಷೆ ಮಾಡಿಸಿ. ಅವರು ಹೇಳಿದ ದಿನ ಮತ್ತೊಮ್ಮೆ ಮಾಡಿಸಿ, ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ.

ತೆಗೆದುಕೊಂಡ ಮೇಲೆ ಸ್ಕೂಟರ್ ಓಡಿಸಬೇಡಿ. ಅಜ್ಜ ಅಜ್ಜಿಯರು ತಲೆ ತಿರುಗಿ ಬೀಳಬಹುದು, ರಾತ್ರಿ ಏಳುವಾಗ ಯಾರಾದರೂ ಜೊತೆಗಿರಲಿ. ಬಸುರಿ, ಬಾಣಂತಿಯರಿಗೆ ಬೇಡವೇ ಬೇಡ.